ನಿಬ್ಬು ಮೊದಲು, ಹೆಸರು ಆಮೇಲೆ: ಹಳೆಯ ಇಂಕ್ ಪೆನ್ನು ಕೊಳ್ಳುವವರಿಗೆ

ಕೋಲಾರದ ಗುಜರಿ ಅಂಗಡಿಯೊಂದರಲ್ಲಿ, ಬೀಗದ ಕೈಗಳು, ನಿಂತುಹೋದ ಕೈಗಡಿಯಾರಗಳು ಮತ್ತು ಸೈಕಲ್ ಬೆಲ್ಲುಗಳು ತುಂಬಿದ್ದ ಬಿಸ್ಕತ್ತಿನ ಡಬ್ಬಿಯ ತಳದಿಂದ ಹೆಕ್ಕಿ 150 ರೂಪಾಯಿಗೆ ಕೊಂಡ ಕಪ್ಪು ಪೆನ್ನೊಂದರಲ್ಲಿ ನಾನು ಇಂದಿಗೂ ದಿನವೂ ಬರೆಯುತ್ತೇನೆ. ಅದೇ ವರ್ಷ ಅದರ ಮೂವತ್ತು ಪಟ್ಟು ಹಣ ತೆತ್ತು ತರಿಸಿಕೊಂಡ ಹೆಸರಾಂತ ವಿದೇಶಿ ಪೆನ್ನು ಮೇಜಿನ ಖಾನೆಯಲ್ಲಿ ಮಲಗಿದೆ. ಮೊದಲನೆಯದನ್ನು ಕೊಳ್ಳುವಾಗ ನಿಬ್ಬನ್ನೂ ಶಾಯಿ ತುಂಬುವ ವ್ಯವಸ್ಥೆಯನ್ನೂ ಕಣ್ಣಿಟ್ಟು ನೋಡಿದ್ದೆ. ಎರಡನೆಯದನ್ನು ಕೊಳ್ಳುವಾಗ ಕೊಳವೆಯ ಮೇಲೆ ಕೆತ್ತಿದ್ದ ಹೆಸರಿಗೆ ಮರುಳಾಗಿದ್ದೆ. ತಯಾರಿಕೆ ನಿಂತುಹೋದ ಪೆನ್ನುಗಳನ್ನು ಹುಡುಕಿ ಕೊಳ್ಳಬೇಕೆನ್ನುವ ಓದುಗರಿಗೆ, ನಾನು ಹಣ ಕಳೆದುಕೊಂಡು ಕಲಿತ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ತೀರ್ಮಾನ: ಬರೆಯಲೋ, ಇಡಲೋ

ಪೆನ್ನು ಕೈಗೆತ್ತಿಕೊಳ್ಳುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳಿ. ಸಂಗ್ರಹಕ್ಕೆ ಕೊಳ್ಳುವವರಿಗೆ ಡಬ್ಬಿ, ಬೆಲೆಚೀಟಿ, ಮಾಸದ ಕೆತ್ತನೆ ಇವೆಲ್ಲ ಮುಖ್ಯ. ಹಿಂದಿನ ಮಾಲೀಕರ ಹೆಸರು ಕೆತ್ತಿದ್ದರೆ ಅವರ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ. ಬರೆಯಲು ಕೊಳ್ಳುವವರಿಗೆ ಇದೇ ಲಾಭ. ಅಪರಿಚಿತರ ಹೆಸರುಳ್ಳ, ಮುಚ್ಚಳದ ಲೇಪ ಸವೆದ, ಆದರೆ ನಿಬ್ಬು ಗಟ್ಟಿಯಾಗಿರುವ ಪೆನ್ನುಗಳು ಅಗ್ಗವಾಗಿ ಸಿಗುವುದು ಈ ಕಾರಣಕ್ಕೇ. ಈ ಲೇಖನ ಎರಡನೆಯ ಗುಂಪಿನವರಿಗಾಗಿ.

ಎಲ್ಲಿ ಹುಡುಕಬೇಕು

ಮೊದಲು ಹುಡುಕಬೇಕಾದದ್ದು ನಮ್ಮ ಮನೆಯ ಪೆಟ್ಟಿಗೆ, ಬೀರುಗಳನ್ನು. ಶಾನುಭೋಗರು, ಶಾಲಾ ಮೇಷ್ಟ್ರುಗಳು, ವಕೀಲರ ಗುಮಾಸ್ತರು ಇದ್ದ ಮನೆಗಳಲ್ಲಿ ಹಳೆಯ ಕಾಗದಪತ್ರಗಳ ಜೊತೆಗೆ ಒಂದೆರಡಾದರೂ ಪೆನ್ನು ಉಳಿದಿರುತ್ತದೆ. ಅವು ಹೆಚ್ಚಾಗಿ ಫಿಲ್ಲರಿನಿಂದ ನೇರವಾಗಿ ಕೊಳವೆಗೆ ಶಾಯಿ ತುಂಬುವ ದೇಶಿ ಪೆನ್ನುಗಳು. ಎಬೊನೈಟ್ (ಗಂಧಕ ಸೇರಿಸಿ ಗಟ್ಟಿಮಾಡಿದ ರಬ್ಬರ್) ಪೆನ್ನುಗಳಿಗೆ 1930ರ ದಶಕದಿಂದಲೂ ಹೆಸರಾಗಿರುವ ರಾಜಮಹೇಂದ್ರವರಂ ಆಂಧ್ರದಲ್ಲಿದೆ. ಕೋಲಾರ ಜಿಲ್ಲೆಯ ಅರ್ಧಕ್ಕರ್ಧ ನೆಂಟಸ್ತನ ಗಡಿಯಾಚೆಗಿರುವುದರಿಂದ ಅಲ್ಲಿಯ ಪೆನ್ನು ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ಕಂಡರೆ ಅಚ್ಚರಿಪಡಬೇಕಾದದ್ದಿಲ್ಲ.

ಎರಡನೆಯದು ಕೆಜಿಎಫ್. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಗಣಿ ಕೆಲಸ ಹಿಡಿದ ಮೇಲೆ 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವವರೆಗೆ ಅಲ್ಲಿ ಇಂಗ್ಲಿಷ್ ಅಧಿಕಾರಿಗಳೂ ಆಂಗ್ಲೋ ಇಂಡಿಯನ್ ಕುಟುಂಬಗಳೂ ನೆಲೆಸಿದ್ದರು. ಕಚೇರಿಯ ಬರವಣಿಗೆಯೆಲ್ಲ ಇಂಕ್ ಪೆನ್ನಿನಲ್ಲಿ ನಡೆಯುತ್ತಿದ್ದ ಆ ಊರಿನಲ್ಲಿ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ನಂತರ ಎಷ್ಟೋ ಮನೆಗಳ ಸಾಮಾನು ಮಾರಾಟವಾಗಿ ಹೋಯಿತು. ರಾಬರ್ಟ್‌ಸನ್‌ಪೇಟೆಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸನ್ನೆ ಎತ್ತಿ ಶಾಯಿ ತುಂಬುವ ಇಂಗ್ಲಿಷ್ ಪೆನ್ನುಗಳನ್ನು ನಾನು ಎರಡು ಸಲ ಕಂಡಿದ್ದೇನೆ. ಎರಡರಲ್ಲೂ ನಿಬ್ಬಿರಲಿಲ್ಲ. ಚಿನ್ನದ ಬೆಲೆ ಏರಿದಾಗಲೆಲ್ಲ ಹಳೆಯ ನಿಬ್ಬುಗಳು ಅಕ್ಕಸಾಲಿಗರ ಮೂಸೆ ಸೇರುತ್ತವೆ. ಸಾಮಾನ್ಯ ಗಾತ್ರದ ನಿಬ್ಬಿನಲ್ಲಿ ಒಂದು ಗ್ರಾಂ ಚಿನ್ನವೂ ಇರುವುದಿಲ್ಲವೆಂಬುದನ್ನು ನೆನೆದರೆ, ಅಷ್ಟಕ್ಕಾಗಿ ಪೆನ್ನನ್ನೇ ಹಾಳುಮಾಡಿದ್ದು ಹೊಟ್ಟೆ ಉರಿಸುತ್ತದೆ.

ಮೂರನೆಯದು ಹಳೆಯ ಸ್ಟೇಷನರಿ ಅಂಗಡಿಗಳ ಅಟ್ಟ. ಬಂಗಾರಪೇಟೆ, ಚಿಂತಾಮಣಿಯಂತಹ ಊರುಗಳಲ್ಲಿ ಅಪ್ಪನ ಕಾಲದ ಅಂಗಡಿಯನ್ನು ಮಗ ನಡೆಸುತ್ತಿದ್ದರೆ ಮಾರಾಟವಾಗದೆ ಉಳಿದ ಹೀರೋ, ಕ್ಯಾಮ್ಲಿನ್ ಪೆನ್ನುಗಳು ಸಿಗುವ ಸಂಭವವಿದೆ. ಜನಜಂಗುಳಿಯ ಹೊತ್ತಿನಲ್ಲಿ ಕೇಳಿದರೆ ‘ಇಲ್ಲ’ ಎನ್ನುತ್ತಾರೆ. ಮಧ್ಯಾಹ್ನ ಮೂರು ಗಂಟೆಗೆ ಹೋಗಿ, ಮೊದಲು ಒಂದು ಶಾಯಿ ಬಾಟಲಿ ಕೊಂಡು, ಆಮೇಲೆ ಕೇಳಬೇಕು. ಇಲ್ಲಿ ಒಂದು ಎಚ್ಚರಿಕೆ: ಬಳಸದೆ ಉಳಿದ ಪೆನ್ನು ಹೊಸ ಪೆನ್ನಲ್ಲ. ಒಳಗಿನ ರಬ್ಬರಿಗೂ ಉಕ್ಕಿನ ಭಾಗಗಳಿಗೂ ವಯಸ್ಸಾಗುವುದು ಡಬ್ಬಿಯಲ್ಲಿದ್ದಾಗಲೂ ನಿಲ್ಲುವುದಿಲ್ಲ.

ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂರುತ್ತಿದ್ದ ಪತ್ರ ಬರಹಗಾರರ ಮನೆಗಳನ್ನೂ ವಿಚಾರಿಸಬಹುದು. ಆದರೆ ಸಾವಿನ ಮನೆಯ ಕಾರ್ಯಗಳು ಮುಗಿದು ತಿಂಗಳುಗಳಾಗುವವರೆಗೆ ಪೆನ್ನಿನ ಮಾತೆತ್ತಬೇಡಿ; ‘ಇದು ಅವರ ನೆನಪು’ ಎಂದು ಒಮ್ಮೆ ಹೇಳಿದರೆ ಎರಡನೆಯ ಸಲ ಕೇಳಬೇಡಿ. ಬೆಂಗಳೂರಿಗೆ ಹೋಗಿಬರುವವರಿಗೆ ಅವೆನ್ಯೂ ರಸ್ತೆಯ ಸುತ್ತಮುತ್ತ ಮತ್ತು ಭಾನುವಾರದ ಸಂಡೇ ಬಜಾರ್ ಇದ್ದೇ ಇದೆ. ಅಲ್ಲಿ ಸಿಗುವುದರಲ್ಲಿ ಒಂದರ ಮುಚ್ಚಳ ಇನ್ನೊಂದಕ್ಕೆ ಕೂಡಿಸಿದ ಪೆನ್ನುಗಳು ಬಹಳ.

ಶಾಯಿ ತುಂಬುವ ಬಗೆಯೇ ದುರಸ್ತಿಯ ಖರ್ಚು

ಪೆನ್ನು ಕೈಗೆ ಬಂದಾಗ ಅದು ಶಾಯಿಯನ್ನು ಹೇಗೆ ಒಳಗೆ ತೆಗೆದುಕೊಳ್ಳುತ್ತದೆ ಎಂದು ಮೊದಲು ತಿಳಿಯಬೇಕು. ಮುಂದೆ ಆಗಬಹುದಾದ ಖರ್ಚಿನ ಮುಕ್ಕಾಲು ಪಾಲು ಇದರಿಂದಲೇ ಗೊತ್ತಾಗುತ್ತದೆ.

ಫಿಲ್ಲರಿನಿಂದ ತುಂಬುವ ಪೆನ್ನಿನಲ್ಲಿ ಯಂತ್ರವೇ ಇಲ್ಲ, ಆದ್ದರಿಂದ ಕೆಡಲು ಏನೂ ಇಲ್ಲ. ನಿಬ್ಬಿರುವ ಮುಂಭಾಗವನ್ನು ತಿರುಗಿಸಿ ಬಿಚ್ಚಿ, ಮರೆಗಳು (ತಿರುಪಿನ ಸುತ್ತುಗೀರುಗಳು) ಸವೆದಿಲ್ಲವೆಂದು ಖಚಿತಪಡಿಸಿಕೊಂಡರೆ ಸಾಕು. ಇದರ ದೋಷವೊಂದೇ: ಶಾಯಿ ಕಾಲುಭಾಗಕ್ಕೆ ಇಳಿದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ, ನಿಬ್ಬಿನಿಂದ ತೊಟ್ಟು ಕಕ್ಕುತ್ತದೆ. ಅರ್ಧಕ್ಕಿಂತ ಕೆಳಗಿಳಿಯದಂತೆ ತುಂಬುತ್ತಿದ್ದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಮೊದಲ ಹಳೆಯ ಪೆನ್ನು ಕೊಳ್ಳುವವರಿಗೆ ನನ್ನ ಸಲಹೆ ಇದೇ ಬಗೆಯದು.

ಕೊಳವೆಯ ಪಕ್ಕದಲ್ಲಿ ಸಣ್ಣ ಸನ್ನೆಯಿದ್ದರೆ ಒಳಗೊಂದು ರಬ್ಬರ್ ಚೀಲವಿರುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಣಗಿದ ಮೆಂತ್ಯದ ಕಾಳು ಉರುಳಿದಂತೆ ಸದ್ದಾದರೆ ಚೀಲ ಪುಡಿಯಾಗಿದೆ ಎಂದರ್ಥ. ಇದರಿಂದ ಹೆದರಬೇಕಾದದ್ದಿಲ್ಲ. ಚೀಲ ಅಗ್ಗದ ವಸ್ತು, ಅದನ್ನು ಅರಗಿನ ಅಂಟಿನಿಂದ ಹೊಸದಾಗಿ ಕೂಡಿಸಬಹುದು. ಹೆದರಬೇಕಾದದ್ದು ಸನ್ನೆಯನ್ನು ಬಲವಂತವಾಗಿ ಎತ್ತುವ ಅಂಗಡಿಯವನಿಗೆ. ಚೀಲ ಗಟ್ಟಿಯಾಗಿ ಕಲ್ಲಿನಂತಾಗಿದ್ದಾಗ ಸನ್ನೆ ಎತ್ತಿದರೆ ಕೊಳವೆಯೇ ಸೀಳುತ್ತದೆ. ಬೆರಳಿನ ಲಘು ಒತ್ತಡಕ್ಕೆ ಏಳದಿದ್ದರೆ ಅಲ್ಲಿಗೇ ಬಿಡಿ.

ಹಿಂಬದಿಯ ತಿರುಪು ತಿರುಗಿಸಿದಾಗ ಒಳಗೆ ಪಿಸ್ಟನ್ ಸರಿಯುವ ಪೆನ್ನುಗಳಲ್ಲಿ 1950ರಲ್ಲಿ ಬಂದ ಪೆಲಿಕಾನ್ 400 ಹೆಸರಾದದ್ದು. ತಿರುಪು ಸಲೀಸಾಗಿ ತಿರುಗಿ, ನೀರನ್ನು ಎಳೆದು ಹಿಡಿದುಕೊಂಡರೆ ಕೊಳ್ಳಿ. ಬಿಗಿದು ನಿಂತಿದ್ದರೆ ದುರಸ್ತಿಗಾರರ ಪರಿಚಯವಿಲ್ಲದವರು ಮುಟ್ಟದಿರುವುದು ಲೇಸು. ಷೀಫರ್ ಕಂಪನಿಯ ಸ್ನಾರ್ಕೆಲ್ ಇನ್ನೂ ಜಟಿಲ. ಶಾಯಿ ಹೀರಲು ನಿಬ್ಬಿನ ಕೆಳಗಿನಿಂದ ಸಣ್ಣ ನಳಿಕೆಯೊಂದು ಹೊರಚಾಚುವ ಆ ಪೆನ್ನು 1952ರಿಂದ 1950ರ ದಶಕದ ಕೊನೆಯವರೆಗೆ ತಯಾರಾಯಿತು. ನೋಡಲು ಸೊಗಸು, ಹೊಸಬರಿಗೆ ತಲೆನೋವು.

ಪಾರ್ಕರ್ 51 ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಕಡೆ ‘ಫಾರಿನ್ ಪೆನ್ನು’ ಎಂದು ಜೋಪಾನ ಮಾಡಿಟ್ಟದ್ದು ಬಹಳ ಸಲ ಇದೇ ಆಗಿರುತ್ತದೆ, ಇಲ್ಲವೇ ಇದರ ಅನುಕರಣೆಯಾದ ಚೀನಾದ ಹೀರೋ ಆಗಿರುತ್ತದೆ. ನಿಬ್ಬಿನ ತುದಿ ಮಾತ್ರ ಕಾಣುವಂತೆ ಮೇಲೆ ಮುಸುಕು ಹಾಕಿದ ಈ ಮಾದರಿ 1941ರಲ್ಲಿ ಬಂದಿತು. 1948ಕ್ಕೆ ಮುಂಚಿನವುಗಳಲ್ಲಿ ಹಿಂಬದಿಯ ಗುಂಡಿ ಒತ್ತಿದಾಗ ರಬ್ಬರ್ ಪೊರೆಯೊಂದು ಆಡುತ್ತಿತ್ತು; ಆ ಪೊರೆ ಈಗ ಖಂಡಿತ ಬದಲಾಯಿಸಬೇಕಾದ ಸ್ಥಿತಿಯಲ್ಲಿರುತ್ತದೆ. 1948ರಿಂದ ಬಂದವುಗಳಲ್ಲಿ ಕೊಳವೆ ಬಿಚ್ಚಿದರೆ ಲೋಹದ ಕವಚದೊಳಗೆ ಪಾರದರ್ಶಕ ಚೀಲ ಕಾಣುತ್ತದೆ, ಕವಚದ ಪಟ್ಟಿಯನ್ನು ಒತ್ತಿ ತುಂಬಬೇಕು. ಈ ಚೀಲ ರಬ್ಬರಿನದಲ್ಲ, ಎಪ್ಪತ್ತು ವರ್ಷದ ನಂತರವೂ ಕೆಲಸ ಮಾಡುವುದನ್ನು ಕಾಣಬಹುದು. ಬರೆಯುವವರು ಕೊಳ್ಳಬೇಕಾದದ್ದು ಈ ಎರಡನೆಯ ಬಗೆಯನ್ನು. ಅದನ್ನೇ ಹೋಲುವ ಅಗ್ಗದ ಪಾರ್ಕರ್ 21ರಲ್ಲಿ ಮುಸುಕಿನ ಪ್ಲಾಸ್ಟಿಕ್ ಬಿರುಕು ಬಿಡುವುದು ಸಾಮಾನ್ಯವಾದ್ದರಿಂದ ನಿಬ್ಬಿನ ಹತ್ತಿರ ಕೂದಲೆಳೆಯಂತಹ ಗೆರೆಯಿದೆಯೇ ಎಂದು ನೋಡಿ. ಹೀರೋ 616ರ ನಕಲುಗಳೂ ಧಾರಾಳವಾಗಿವೆ. ಆದ್ದರಿಂದ ಅದನ್ನು ಹೆಸರು ನಂಬಿ ಕೊಳ್ಳದೆ, ಬರೆದು ನೋಡಿಯೇ ಕೊಳ್ಳಬೇಕು.

ಇವೆಲ್ಲ ರಗಳೆ ಬೇಡವೆನ್ನುವವರಿಗೆ 1960ರಲ್ಲಿ ಬಂದು ದಶಕಗಳ ಕಾಲ ತಯಾರಾದ ಪಾರ್ಕರ್ 45 ಒಳ್ಳೆಯದು. ಈಗಲೂ ಅಂಗಡಿಯಲ್ಲಿ ಸಿಗುವ ಪಾರ್ಕರ್ ಕಾರ್ಟ್ರಿಜ್ ಅದಕ್ಕೆ ಹೊಂದುತ್ತದೆ, ನಿಬ್ಬನ್ನು ಕೈಯಿಂದಲೇ ತಿರುಗಿಸಿ ಬಿಚ್ಚಬಹುದು. 1980ರಿಂದೀಚೆಗೆ ಪಾರ್ಕರ್ ಪೆನ್ನುಗಳ ಮುಚ್ಚಳದ ಅಂಚಿನಲ್ಲಿ ತಯಾರಿಕೆಯ ವರ್ಷವನ್ನು ಅಕ್ಷರದಲ್ಲಿ ಗುರುತಿಸುತ್ತಿದ್ದರು. ಕ್ಯೂ, ಯು, ಎ, ಎಲ್, ಐ, ಟಿ, ವೈ, ಪಿ, ಇ, ಎನ್ ಎಂಬ ಇಂಗ್ಲಿಷ್ ಅಕ್ಷರಗಳು ಕ್ರಮವಾಗಿ 0ಯಿಂದ 9ರವರೆಗಿನ ಅಂಕಿಗಳನ್ನು ಸೂಚಿಸುತ್ತವೆ. ‘ನಮ್ಮ ತಾತ 1965ರಲ್ಲಿ ಕೊಂಡದ್ದು’ ಎಂದು ಮಾರುವವರು ಹೇಳುವ ಪೆನ್ನಿನ ಮೇಲೆ ಇಂತಹ ಅಕ್ಷರ ಕಂಡರೆ, ಕಥೆಗೆಂದು ಸೇರಿಸಿದ ಬೆಲೆಯನ್ನು ಕಳೆಯಿರಿ.

ನಿಬ್ಬಿನ ಪರೀಕ್ಷೆ

ನಿಬ್ಬು ನೋಡಲು ಕೈಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂತಹ ಹತ್ತು ಪಟ್ಟಿನ ಭೂತಗನ್ನಡಿ ಬೇಕು. ನಿಬ್ಬಿನ ಅತಿ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಗಟ್ಟಿ ಲೋಹದ ಮಣಿಯಿರಬೇಕು. ಕಾಗದದ ಮೇಲೆ ಉಜ್ಜುವುದು ಅದೇ. ಚಿನ್ನವಾಗಲಿ ಉಕ್ಕಾಗಲಿ ಅದನ್ನು ಹಿಡಿದುಕೊಂಡಿರುತ್ತದೆ, ಅಷ್ಟೇ. ನಡುವಿನ ಗೆರೆಯಿಂದ ನಿಬ್ಬು ಎರಡು ಸೀಳುಗಳಾಗಿರುತ್ತದೆ; ಮಣಿ ಒಂದು ಸೀಳಿನಲ್ಲಿದ್ದು ಇನ್ನೊಂದರಲ್ಲಿ ಉದುರಿದ್ದರೆ ಆ ಪೆನ್ನು ಬೇಡ. ನಿಬ್ಬಿನ ಮೇಲೆ 585 ಎಂದಿದ್ದರೆ 14 ಕ್ಯಾರಟ್, 750 ಎಂದಿದ್ದರೆ 18 ಕ್ಯಾರಟ್ ಚಿನ್ನ. ‘ಇರಿಡಿಯಂ ಪಾಯಿಂಟ್ ಜರ್ಮನಿ’ ಎಂಬ ಅಚ್ಚು ಕಂಡು ಯಾರೂ ಮೋಸಹೋಗಬಾರದು. ಅದು ಯಾವ ಕಂಪನಿಯ ಹೆಸರೂ ಅಲ್ಲ, ಅಗ್ಗದ ಉಕ್ಕಿನ ನಿಬ್ಬುಗಳ ಮೇಲೂ ಇರುತ್ತದೆ. ಚಿನ್ನದ ಊರಿನವರಾದ ನಮಗೆ ‘ಗೋಲ್ಡ್ ನಿಬ್ ಸಾರ್’ ಎಂದೊಡನೆ ಕೈ ಜೇಬಿಗೆ ಹೋಗುತ್ತದೆ. ಚಿನ್ನ ಶಾಯಿಯ ಆಮ್ಲಕ್ಕೆ ತುಕ್ಕು ಹಿಡಿಯುವುದಿಲ್ಲ, ಅದು ನಿಜವಾದ ಗುಣ. ಆದರೆ ಚೆನ್ನಾಗಿ ಕೂತ ಉಕ್ಕಿನ ನಿಬ್ಬು ಕೆಟ್ಟ ಚಿನ್ನದ ನಿಬ್ಬಿಗಿಂತ ಎಷ್ಟೋ ಮೇಲು.

ನಿಬ್ಬನ್ನು ಮುಂದಿನಿಂದ ನೋಡಿದಾಗ ಎರಡು ಸೀಳುಗಳು ಒಂದೇ ಮಟ್ಟದಲ್ಲಿರಬೇಕು. ಬೆಳಕಿಗೆ ಹಿಡಿದಾಗ ನಡುವಿನ ಗೆರೆ ತುದಿಯತ್ತ ಬರುಬರುತ್ತ ಕಿರಿದಾಗಬೇಕು. ಆಮೇಲೆ ಅಂಗಡಿಯವರ ಅನುಮತಿ ಕೇಳಿ, ನೀವೇ ಒಯ್ದ ಸಣ್ಣ ಶಾಯಿ ಬಾಟಲಿಗೆ ನಿಬ್ಬನ್ನು ಅದ್ದಿ ಬರೆಯಿರಿ. ಶಾಯಿ ತುಂಬುವ ವ್ಯವಸ್ಥೆ ಕೆಟ್ಟಿದ್ದರೂ ನಿಬ್ಬಿನ ಗುಣ ಇದರಿಂದ ತಿಳಿಯುತ್ತದೆ.

ಏನು ಬರೆಯಬೇಕೆಂಬುದೂ ಮುಖ್ಯ. ಹೆಚ್ಚಿನವರು ಒಂದು ‘ಶ್ರೀ’ ಬರೆದು, ಸಹಿ ಹಾಕಿ ತೃಪ್ತರಾಗುತ್ತಾರೆ. ಸಹಿ ಅಭ್ಯಾಸಬಲದಿಂದ ಯಾವ ನಿಬ್ಬಿನಲ್ಲೂ ಬರುತ್ತದೆ. ನಮ್ಮ ಲಿಪಿ ನಿಬ್ಬನ್ನು ಎಲ್ಲ ದಿಕ್ಕಿಗೂ ಸುತ್ತಿಸುವುದರಿಂದ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ: ‘ಠ’ವನ್ನು ಹತ್ತು ಸಲ ನಿಧಾನವಾಗಿ ಬರೆಯಿರಿ, ‘ಋಣ’, ‘ಝರಿ’ ಬರೆಯಿರಿ. ಸುತ್ತಿನ ಒಂದು ಬದಿಯಲ್ಲಿ ಮಾತ್ರ ನಿಬ್ಬು ಕಾಗದವನ್ನು ಗೀಚಿದರೆ ಒಂದು ಸೀಳು ಇನ್ನೊಂದಕ್ಕಿಂತ ತುಸು ಮೇಲೆದ್ದಿದೆ. ಇದು ಸರಿಪಡಿಸಬಹುದಾದ ದೋಷ. ನಂತರ ‘ರಾಷ್ಟ್ರ’, ‘ಸ್ತ್ರೀ’ ಬರೆಯಿರಿ. ಒತ್ತಕ್ಷರದ ಕಣ್ಣುಗಳು ಶಾಯಿಯಿಂದ ಮುಚ್ಚಿಹೋದರೆ ಆ ನಿಬ್ಬು ಕನ್ನಡದ ಸಣ್ಣ ಬರವಣಿಗೆಗೆ ದಪ್ಪವಾಯಿತು, ಇಂಗ್ಲಿಷ್ ಸಹಿಗೆ ಎಷ್ಟೇ ಚೆನ್ನಾಗಿದ್ದರೂ.

ಇನ್ನೊಂದು ದೋಷ ಬೇಗ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಒಬ್ಬರೇ ಬರೆದ ಪೆನ್ನಿನ ಮಣಿ ಅವರ ಕೈಯ ಓರೆಗೆ ತಕ್ಕಂತೆ ಸವೆದು ಚಪ್ಪಟೆಯಾಗಿರುತ್ತದೆ. ನಾನು ಪತ್ರ ಬರಹಗಾರರೊಬ್ಬರ ಮನೆಯಿಂದ ತಂದ ಪೆನ್ನು, ಬಹಳ ಮಲಗಿಸಿ, ಸ್ವಲ್ಪ ಎಡಕ್ಕೆ ವಾಲಿಸಿ ಹಿಡಿದರೆ ಬೆಣ್ಣೆಯಂತೆ ಸಾಗುತ್ತದೆ, ನೆಟ್ಟಗೆ ಹಿಡಿದರೆ ಬ್ಲೇಡಿನಂತೆ ಕಾಗದ ಕೊರೆಯುತ್ತದೆ. ನೆಲದ ಮೇಲೆ ಕುಳಿತು, ತೊಡೆಯ ಮೇಲಿನ ಹಲಗೆಯಲ್ಲಿ ಸ್ಟಾಂಪ್ ಪೇಪರ್ ಇಟ್ಟು ಬರೆಯುತ್ತಿದ್ದವರ ಕೈ ಅದು. ನಾನು ಆ ಪೆನ್ನನ್ನು ತಿದ್ದಿಸಲಿಲ್ಲ, ಅದಕ್ಕಾಗಿ ನೆಲದ ಮೇಲೆ ಕೂರುತ್ತೇನೆ; ಎಲ್ಲರಿಗೂ ಈ ಹುಚ್ಚು ಇರಬೇಕೆಂದಿಲ್ಲ.

ಕೊಳವೆ ಮತ್ತು ಮುಚ್ಚಳ

ಹೆಬ್ಬೆರಳಿನಿಂದ ಕೊಳವೆಯನ್ನು ಜೋರಾಗಿ ಉಜ್ಜಿ ಮೂಸಿ ನೋಡಿ. ಗಂಧಕದ ವಾಸನೆ ಬಂದರೆ ಎಬೊನೈಟ್, ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್. ಎರಡಕ್ಕೂ ಪಥ್ಯ ಬೇರೆ. ಸೆಲ್ಯುಲಾಯ್ಡ್ ಬೆಂಕಿಗೆ ಬಹು ಬೇಗ ಹತ್ತಿಕೊಳ್ಳುವ ವಸ್ತು, ಸ್ಪಿರಿಟ್ ತಗುಲಿದರೆ ಕರಗುತ್ತದೆ. ಕೊಳವೆಯ ಮೇಲೆ ಹರಳುಗಟ್ಟಿದಂತೆ ಒಳಬಿರುಕುಗಳು ಕಂಡರೆ ಅದು ವಾಸಿಯಾಗದ ಕಾಯಿಲೆ, ಬಿಟ್ಟುಬಿಡಿ. ಎಬೊನೈಟ್ ಬಿಸಿಲಿಗೂ ನೀರಿಗೂ ಬಣ್ಣಗೆಡುತ್ತದೆ. ಇದು ತಿಳಿಯದೆ, ಸೋದರಮಾವ ಕೊಟ್ಟಿದ್ದ ಕಾಡಿಗೆಗಪ್ಪಿನ ಪೆನ್ನನ್ನು ನಾನು ಬಿಸಿನೀರಿನ ಲೋಟದಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. ಬೆಳಗ್ಗೆ ತೆಗೆದಾಗ ನೀರಿನೊಳಗಿದ್ದ ಅರ್ಧ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಮೇಲಿನರ್ಧ ಹಾಗೇ ಇತ್ತು. ಗೆರೆ ಎಳೆದಂತೆ ಕಾಣುವ ಆ ಎರಡು ಬಣ್ಣಗಳನ್ನು ಮಾವನವರು ನೋಡಿ ಏನೂ ಹೇಳಲಿಲ್ಲ.

ಮುಚ್ಚಳದ ಅಂಚನ್ನು ಬೆಳಕಿಗೆ ಹಿಡಿದು, ಸುತ್ತಲೂ ಉಗುರಾಡಿಸಿ ನೋಡಿ. ಬಿರುಕು ಮೊದಲು ಹುಟ್ಟುವುದು ಅಲ್ಲಿ. ಮುಚ್ಚಳದ ಪಕ್ಕದಲ್ಲಿರುವ ಒಂದೆರಡು ಸಣ್ಣ ತೂತುಗಳು ದೋಷವಲ್ಲ, ಗಾಳಿಯಾಡಲು ಬಿಟ್ಟವು. ಅಂಚಿನ ಬಳಿ ಬೆಳ್ಳಗೆ ಮಂಜು ಕವಿದಂತಿದ್ದರೆ ಯಾರೋ ಕ್ಷಣದಲ್ಲಿ ಹಿಡಿಯುವ ಅಂಟು ಹಾಕಿ ಮುರಿದದ್ದನ್ನು ಮುಚ್ಚಿದ್ದಾರೆ. ಕೊಳವೆಯ ಮೇಲಿನ ಅಚ್ಚು ಅರ್ಧ ಅಳಿಸಿ, ಮೈ ಮಾತ್ರ ಕನ್ನಡಿಯಂತೆ ಹೊಳೆಯುತ್ತಿದ್ದರೆ ಪಾಲಿಶ್ ಯಂತ್ರಕ್ಕೆ ಕೊಟ್ಟದ್ದು ಖಚಿತ.

ಫೋಟೋ ನೋಡಿ ಕೊಳ್ಳುವವರಿಗೆ

ಖಾನೆಯಲ್ಲಿ ಮಲಗಿರುವ ನನ್ನ ದುಬಾರಿ ಪೆನ್ನು ಬಂದದ್ದು ಹೀಗೇ. ಪೆನ್ನಿನ ಉದ್ದನೆಯ ಒಂದು ಫೋಟೋ ನೋಡಿ ಹಣ ಕಳಿಸಿದೆ. ಮುಚ್ಚಳ ಬೇರೆ ಮಾದರಿಯದು, ತಿರುಪು ಬಿಗಿದುಹೋಗಿತ್ತು. ನಿಬ್ಬಿನ ಮುಂಭಾಗ, ಪಕ್ಕ ಮತ್ತು ಕೆಳಭಾಗ, ಮುಚ್ಚಳದ ಅಂಚು, ಕೊಳವೆಯ ಅಚ್ಚು ಇವುಗಳ ಬೇರೆಬೇರೆ ಫೋಟೋಗಳನ್ನೂ, ನೀರು ಎಳೆದು ಬಿಡುವುದನ್ನು ತೋರಿಸುವ ಸಣ್ಣ ವಿಡಿಯೋವನ್ನೂ ಕೇಳಿ. ‘ಪರೀಕ್ಷಿಸಿಲ್ಲ’ ಎಂದು ಬರೆದಿದ್ದರೆ ಕೆಟ್ಟಿದೆ ಎಂದೇ ಓದಿಕೊಳ್ಳಿ. ವಿದೇಶದಿಂದ ತರಿಸುವಾಗ ಅಂಚೆವೆಚ್ಚ ಮತ್ತು ಸುಂಕ ಸೇರಿಸಿ ಲೆಕ್ಕ ಹಾಕಿ.

ಬೆಲೆಯ ಬಗ್ಗೆ ನನ್ನ ಲೆಕ್ಕ ಸರಳ: ಸುಸ್ಥಿತಿಯ ಅಂಥದೇ ಪೆನ್ನಿನ ಬೆಲೆಯಿಂದ ದುರಸ್ತಿಯ ಖರ್ಚನ್ನೂ, ದುರಸ್ತಿ ಫಲಿಸದೆ ಹೋಗುವ ಅಪಾಯಕ್ಕೆ ಇನ್ನಷ್ಟನ್ನೂ ಕಳೆದು ಉಳಿದದ್ದಕ್ಕಿಂತ ಹೆಚ್ಚು ಕೊಡುವುದಿಲ್ಲ. ಗುಜರಿಯವರ ಹತ್ತಿರ ಚೌಕಾಸಿ ಮಾಡುತ್ತೇನೆ. ಬೆಲೆ ತಿಳಿಯದ ಮನೆಯವರ ಹತ್ತಿರ ಮಾತ್ರ ನಿಜವಾದ ಬೆಲೆಯನ್ನು ನಾನೇ ಹೇಳುತ್ತೇನೆ.

ಮನೆಗೆ ತಂದ ಮೇಲೆ

ಮೊದಲ ದಿನವೇ ಶಾಯಿ ತುಂಬಬೇಡಿ. ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ತೊಟ್ಟು ಹಾಕಿ, ನಿಬ್ಬಿರುವ ಭಾಗದ ಮೂಲಕ ಮತ್ತೆ ಮತ್ತೆ ಹಾಯಿಸಿ. ಎಬೊನೈಟಾದರೆ ನೆನೆಹಾಕದೆ, ಹಾಯಿಸಿ ಕೂಡಲೇ ಒರೆಸಿ. ನಿಬ್ಬಿನ ಕೆಳಗೆ ಶಾಯಿಯನ್ನು ಸಾಗಿಸುವ ಗೀರುಗಳುಳ್ಳ ಕಪ್ಪು ನಾಲಿಗೆಯಲ್ಲಿ ದಶಕಗಳ ಶಾಯಿ ಒಣಗಿರುತ್ತದೆ. ಮೂರು ದಿನ ತೊಳೆದರೂ ನೀಲಿ ಬಿಡುತ್ತಲೇ ಇರುವುದು ಸಹಜ. ನಮ್ಮ ಜಿಲ್ಲೆಯ ಕೊಳವೆಬಾವಿಯ ಗಡಸು ನೀರು ಒಣಗಿದಾಗ ಬಿಳಿ ಕರೆ ಉಳಿಸುವುದರಿಂದ ಕೊನೆಯ ಎರಡು ಸಲಕ್ಕಾದರೂ ಫಿಲ್ಟರ್ ನೀರು ಬಳಸಿ. ನಿಬ್ಬನ್ನು ಇಕ್ಕಳದಿಂದ ಎಳೆಯುವ ಆಸೆಯನ್ನು ಅದುಮಿಕೊಳ್ಳಿ.

ಶಾಯಿ ಸೌಮ್ಯವಾದದ್ದಿರಲಿ. ಮೈಸೂರಿನ ಬ್ರಿಲ್ ಅಥವಾ ಕ್ಯಾಮ್ಲಿನ್‌ನ ರಾಯಲ್ ಬ್ಲೂ ಸಾಕು. ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಎಂದಿಗೂ ತುಂಬಬಾರದು, ಅದು ನಾಲಿಗೆಯಲ್ಲಿ ಗಟ್ಟಿಯಾದರೆ ಪೆನ್ನಿನ ಕಥೆ ಮುಗಿದಂತೆ. ಫಿಲ್ಲರಿನಿಂದ ತುಂಬುವ ಪೆನ್ನಾದರೆ ಮರೆಗಳಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ತುಂಬಿದ ಮೇಲೆ ನಿಬ್ಬು ಮೇಲಾಗಿ ಒಂದು ರಾತ್ರಿ ನಿಲ್ಲಿಸಿ, ಮರುದಿನ ನಿಬ್ಬು ಕೆಳಗಾಗಿ ಹತ್ತಿಯ ಮೇಲೆ ಒಂದು ಗಂಟೆ ಇಡಿ. ಹತ್ತಿ ನೀಲಿಯಾಗದಿದ್ದರೆ ಮಾತ್ರ ಬಿಳಿ ಅಂಗಿಯ ಜೇಬಿಗೆ ಸಿಕ್ಕಿಸಿಕೊಳ್ಳಿ.